ಗೇರುಬೀಜದ ಕಾರ್ಖಾನೆ: ಮೆಷಿನ್‌ಗೆ ಮೊದಲು ರೈಟರ್ ಪುಸ್ತಕ

ಕಾರ್ಕಳ, ಕುಂದಾಪುರ ಕಡೆಯ ಗೇರುಬೀಜದ ಕಾರ್ಖಾನೆಗೆ ಸಿಪ್ಪೆ ಕತ್ತರಿಸುವ ಆಟೋಮ್ಯಾಟಿಕ್ ಕಟಿಂಗ್ ಮೆಷಿನ್ ಬಂದ ಹೊಸತರಲ್ಲಿ ಕೇಳಿಬರುವ ದೂರು ಸಾಮಾನ್ಯವಾಗಿ ಒಂದೇ: ತುಂಡಾದ ತಿರುಳು ಜಾಸ್ತಿಯಾಯಿತು. ಬೈಗುಳ ತಿನ್ನುವವನು ಮೆಕ್ಯಾನಿಕ್. ಬ್ಲೇಡ್ ಬದಲಿಸಿದರೂ ತುಂಡು ಇಳಿಯುವುದಿಲ್ಲ. ನನ್ನ ಪ್ರಕಾರ ಅರ್ಧ ತಪ್ಪು ಮೆಷಿನ್ನಿನಲ್ಲಿಲ್ಲ, ಲೆಕ್ಕ ಬರೆಯುವ ರೈಟರ್ ಮೇಜಿನ ಮೇಲಿದೆ.

ಹಳೆಯ ಪದ್ಧತಿ ನೋಡಿ. ಗೋದಾಮು, ಬೇಯಿಸುವುದು, ಕಟಿಂಗ್, ಬೋರ್ಮಾ (ತಿರುಳು ಒಣಗಿಸುವ ಬಿಸಿ ಕೋಣೆ), ಪೀಲಿಂಗ್ (ತಿರುಳಿನ ಪೊರೆ ತೆಗೆಯುವುದು), ಗ್ರೇಡಿಂಗ್, ಪ್ಯಾಕಿಂಗ್. ಸರಕು ಕೈ ಬದಲಾದಾಗಲೆಲ್ಲ ಒಂದು ತೂಕ, ಒಂದು ಪುಸ್ತಕ. ಕೊಟ್ಟವರ ತೂಕ, ತಗೊಂಡವರ ತೂಕ ಸಂಜೆಗೆ ತಾಳೆಯಾಗಬೇಕು. ಆಗುವುದಿಲ್ಲ, ಆಗಲು ಸಾಧ್ಯವೂ ಇಲ್ಲ. ಶೇ. 8 ತೇವಾಂಶವಿರುವ 100 ಕಿಲೋ ತಿರುಳು ಬೋರ್ಮಾದಲ್ಲಿ 70 ಡಿಗ್ರಿ ಆಸುಪಾಸಿನ ಬಿಸಿಗೆ ಒಣಗಿ ಶೇ. 3ಕ್ಕೆ ಇಳಿದರೆ ಹೊರಬರುವುದು 94.8 ಕಿಲೋ. ಅದಕ್ಕೇ ಸ್ವಲ್ಪ ತೇವ ಕೊಟ್ಟು ಹದ ಮಾಡಿ ಶೇ. 5ಕ್ಕೆ ತಂದರೆ 96.8. ಒಂದು ಕಾಳೂ ಕಳುವಾಗಿಲ್ಲ, ಪುಸ್ತಕದಲ್ಲಿ ಮಾತ್ರ ಮೊದಲು ಐದು ಕಿಲೋ ಕಾಣೆ, ಆಮೇಲೆ ಎರಡು ಕಿಲೋ ವಾಪಸ್! ತೂಕದ ಪಕ್ಕದಲ್ಲಿ ತೇವಾಂಶ ಬರೆಯದಿದ್ದರೆ ಈ ಜಗಳಕ್ಕೆ ಕೊನೆಯಿಲ್ಲ.

ಫೋರ್ಡ್ ಕಂಪನಿಯ ಬಿಲ್ ಪಾವತಿ ವಿಭಾಗದ ಕಥೆಯೂ ಹೀಗೆಯೇ ಇತ್ತು. 1990ರಲ್ಲಿ ಮ್ಯಾನೇಜ್‌ಮೆಂಟ್ ತಜ್ಞ ಮೈಕೆಲ್ ಹ್ಯಾಮರ್ ಬರೆದ ಲೇಖನದಿಂದ ಅದು ಜಗತ್ತಿಗೆ ಗೊತ್ತಾಯಿತು. ಅಲ್ಲಿ 500ಕ್ಕೂ ಹೆಚ್ಚು ಜನ ಆರ್ಡರ್, ಸರಕು ಬಂದ ಚೀಟಿ, ಇನ್‌ವಾಯ್ಸ್ ಈ ಮೂರನ್ನು ತಾಳೆ ನೋಡುತ್ತಿದ್ದರು. ಫೋರ್ಡ್ ಕಂಪ್ಯೂಟರ್ ಹಾಕಿ ಆ ಕೆಲಸವನ್ನು ಚುರುಕು ಮಾಡಲಿಲ್ಲ, ಇನ್‌ವಾಯ್ಸನ್ನೇ ಕೈಬಿಟ್ಟಿತು. ನಮ್ಮಲ್ಲಿ ಆಗುವುದು ಉಲ್ಟಾ: ಅದೇ ಏಳು ಪುಸ್ತಕವನ್ನು ಸಂಜೆ ಯಾರಾದರೂ ಕೂತು ಕಂಪ್ಯೂಟರಿಗೆ ಹೊಡೆಯುತ್ತಾರೆ.

ಪುಸ್ತಕಗಳ ಬದಲು ಕ್ರೇಟಿನ ಜೊತೆಯೇ ಹೋಗುವ ಒಂದು ಲಾಟ್ ಕಾರ್ಡ್ ಸಾಕು. 80 ಕಿಲೋದ 50 ಚೀಲ, ಅಂದರೆ 4,000 ಕಿಲೋ ಒಂದು ಲಾಟ್. ಲೆಕ್ಕದ ತೂಕ ಮೂರೇ ಕಡೆ: ಗೋದಾಮು ಬಿಡುವಾಗ, ಬೋರ್ಮಾದಿಂದ ಹೊರಬಂದಾಗ, ಗ್ರೇಡಿಂಗ್ ಮುಗಿದಾಗ. ಕಟಿಂಗ್, ಪೀಲಿಂಗ್‌ನಲ್ಲಿ ಕೂಲಿಗಾಗಿ ತೂಗುವುದು ಇರಲಿ, ಅದನ್ನು ಸರಕಿನ ಲೆಕ್ಕಕ್ಕೆ ಬೆರೆಸಬೇಡಿ. ಔಟ್‌ಟರ್ನ್ ಎಂದರೆ ಒಂದು ಚೀಲ ಬೀಜದಿಂದ ಸಿಗುವ ತಿರುಳು; ಚೀಲಕ್ಕೆ 48 ಪೌಂಡ್ ಅಂದರೆ ಸುಮಾರು 21.8 ಕಿಲೋ ತಿರುಳು. ಅದು ಒಂದೇ ಪೌಂಡ್ ಕಡಿಮೆಯಾದರೂ ಲಾಟಿಗೆ 22.7 ಕಿಲೋ ಹೋಯಿತು. ಯಾವ ಲಾಟಿನಲ್ಲಿ ಹೋಯಿತೆಂದು ಮರುದಿನ ಬೆಳಿಗ್ಗೆ ಗೊತ್ತಾಗಬೇಕು, ತಿಂಗಳ ಕೊನೆಗಲ್ಲ.

ಇನ್ನು ಮೆಷಿನ್. ಬೇಯಿಸಿದ ಬೀಜ 12ರಿಂದ 24 ಗಂಟೆ ಆರಬೇಕು. ಅವಸರ ಮಾಡಿದರೆ ತಿರುಳು ಸಿಪ್ಪೆ ಬಿಡದೆ ಒಡೆಯುತ್ತದೆ. ಸೈಜ್ ಪ್ರಕಾರ ಬೇರ್ಪಡಿಸದೆ ಹಾಕಬಾರದು: 18–20, 20–22, 22–24 ಮಿ.ಮೀ. ಬೆರೆತರೆ ದೊಡ್ಡ ಬೀಜದ ತಿರುಳಿಗೆ ಬ್ಲೇಡ್ ಬೀಳುತ್ತದೆ, ಸಣ್ಣದು ಕಟ್ ಆಗದೆ ದಾಟುತ್ತದೆ. ಮೆಷಿನ್ ಪರೀಕ್ಷೆಗೆ ಒಂದೇ ಸೈಜ್, ಒಂದೇ ಊರಿನ ಬೀಜ, ಕನಿಷ್ಠ ಮೂರು ಲಾಟ್. ಮಧ್ಯೆ ಊರಿನ ಬೀಜದ ಬದಲು ಆಫ್ರಿಕಾದ್ದು ಹಾಕಿದರೆ ಫಲಿತಾಂಶ ಕಸದ ಬುಟ್ಟಿಗೆ.

ಎಲ್ಲಕ್ಕಿಂತ ಕಷ್ಟದ್ದು ಕೂಲಿ. ಕಿಲೋ ಲೆಕ್ಕದಲ್ಲಿ ಕೈ ಪಳಗಿದ ಹೆಂಗಸರಿಗೆ ಮೆಷಿನ್ ಬಂದ ದಿನದಿಂದ ಹಳೆಯ ರೇಟಿಗೆ ಅರ್ಥವಿಲ್ಲ, ಕೆಲಸ ಕಟ್ ಮಾಡುವುದರಿಂದ ತಿರುಳು ಆರಿಸುವುದಕ್ಕೆ ಬದಲಾಗಿರುತ್ತದೆ. ಹಿಂದಿನ 12 ವಾರಗಳ ದಿನದ ಸರಾಸರಿ ತೆಗೆದು, ಮೊದಲ 8 ವಾರ ಅದಕ್ಕಿಂತ ಕಡಿಮೆ ಆಗುವುದಿಲ್ಲ ಎಂದು ಬರೆದು ಕೊಡಿ. ಬಾಯಿಮಾತು ಸಾಲದು, ಓದಿ ಹೇಳುವುದು ತುಳುವಿನಲ್ಲಿ ಆದರೆ ಒಳ್ಳೆಯದು. ಕೂಲಿ ಅಥವಾ ಪಾಳಿ ಬದಲಿಸುವಾಗ 21 ದಿನದ ನೋಟಿಸ್ ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ ಕಾಲದಿಂದಲೂ ಇರುವ ನಿಯಮ. ಅದನ್ನು ಗೋಡೆಗೆ ಅಂಟಿಸುವ ಕಾಗದ ಎಂದುಕೊಳ್ಳದೆ, ಆ ಮೂರು ವಾರವನ್ನು ಮಾತಾಡಲು ಬಳಸಿ. ಇಡೀ ತಿರುಳಿಗೆ ಹೆಚ್ಚು ರೇಟ್ ಕೊಡುವುದು ಸರಿಯೇ, ಆದರೆ ವ್ಯತ್ಯಾಸ ಅತಿಯಾದರೆ ತುಂಡು ಸಿಪ್ಪೆಯ ರಾಶಿಗೆ ಸೇರುತ್ತದೆ. ದಿನಕ್ಕೊಮ್ಮೆ 10 ಕಿಲೋ ಸಿಪ್ಪೆ ತೆಗೆದು ಅದರಲ್ಲಿ ಎಷ್ಟು ತಿರುಳಿದೆ ಎಂದು ತೂಗಿ.

ಯಾವಾಗ ಶುರು ಮಾಡುವುದು? ಮಾರ್ಚ್‌ನಿಂದ ಮೇವರೆಗೆ ಊರಿನ ಬೀಜ ಖರೀದಿಯ ಗಡಿಬಿಡಿ. ಜೂನ್, ಜುಲೈಯಲ್ಲಿ ಗಾಳಿಯ ತೇವ ಏರಿ ತಿರುಳಿನ ಪೊರೆ ಬಿಡುವುದೇ ಕಷ್ಟ, ತುಂಡಾದದ್ದು ಮೆಷಿನ್ನಿಂದಲೋ ಮಳೆಯಿಂದಲೋ ತಿಳಿಯುವುದಿಲ್ಲ. ಆಟಿಯಲ್ಲಿ (ಮಳೆಗಾಲದ ತುಳು ತಿಂಗಳು) ಹೊಸದಕ್ಕೆ ಕೈ ಹಾಕಬೇಡಿ ಎನ್ನುವ ಹಿರಿಯರ ಮಾತು ಇಲ್ಲಿ ಲೆಕ್ಕಕ್ಕೂ ಕೂಡುತ್ತದೆ. ದೀಪಾವಳಿ ಕಳೆದ ಮೇಲೆ ಹಿಡಿಯಿರಿ. ಹಳೆಯ ಪುಸ್ತಕ, ಹೊಸ ಕಾರ್ಡ್ ಎರಡೂ ಎರಡು ವಾರ ಜೊತೆಗೆ ನಡೆಯಲಿ. ಆಮೇಲೆ ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿ ರೈಟರ್ ಕೈಯಲ್ಲಿ ಬೇಡ.