ಬರೀ ಮಾಂಸ ತಿಂದರೆ ಸಾಕೇ ಎಂಬ ಪ್ರಶ್ನೆಗೆ ನನ್ನ ಉತ್ತರ

ಆಹಾರ ಮತ್ತು ಪೋಷಣೆಯ ಬಗ್ಗೆ ಸಲಹೆ ಕೊಡುವ ಕೆಲಸದಲ್ಲಿರುವ ನನಗೆ ಈಚೆಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದಿದೆ: "ಅನ್ನ, ಮುದ್ದೆ, ಕಾಳು, ತರಕಾರಿ, ಹಣ್ಣು ಎಲ್ಲವನ್ನೂ ಬಿಟ್ಟು ಬರೀ ಮಾಂಸ, ಮೊಟ್ಟೆ ತಿಂದರೆ ತೂಕ ಇಳಿದು ಸಕ್ಕರೆ ಕಾಯಿಲೆಯೂ ಹೋಗುತ್ತದಂತೆ, ನಿಜವೇ?" ಕೇಳುವವರಲ್ಲಿ ಹೆಚ್ಚಿನವರು ಮೊದಲಿನಿಂದಲೂ ಮಾಂಸ ತಿನ್ನುವ ಮನೆಗಳವರು, ಅಮೆರಿಕದ 'ಕಾರ್ನಿವೋರ್ ಡಯಟ್' ಪ್ರಚಾರಕರ ವಿಡಿಯೊಗಳನ್ನು ನೋಡಿದವರು. ಆದ್ದರಿಂದ ಇದು ಸಸ್ಯಾಹಾರ ಮೇಲೋ ಮಾಂಸಾಹಾರ ಮೇಲೋ ಎಂಬ ಹಳೆಯ ಜಗಳವಲ್ಲ. ಮಾಂಸವನ್ನು ನಾನು ಉತ್ತಮ ಆಹಾರವೆಂದೇ ಎಣಿಸುತ್ತೇನೆ. ಇಲ್ಲಿರುವ ಪ್ರಶ್ನೆ, ಮಾಂಸದ ಜೊತೆಗಿರುವ ಬೇರೆಲ್ಲವನ್ನೂ ತಟ್ಟೆಯಿಂದ ತೆಗೆದುಹಾಕುವುದರಿಂದ ಲಾಭವಿದೆಯೇ ಎಂಬುದು. ಬರೀ ಮಾಂಸದ ಮೇಲೆ ಮನುಷ್ಯ ಸ್ವಲ್ಪ ಕಾಲ ಬದುಕಬಲ್ಲ, ಕೆಲವರಿಗೆ ಆರಂಭದಲ್ಲಿ ಹಿತವೂ ಅನಿಸುತ್ತದೆ. ಆದರೆ ಆ ಹಿತ ಬಂದದ್ದು ಸೊಪ್ಪು, ಕಾಳು, ತರಕಾರಿಗಳನ್ನು ಬಿಟ್ಟದ್ದರಿಂದಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬರೀ ಮಾಂಸದ ಪರವಾಗಿ ವಾದಿಸುವವರು ತಪ್ಪದೆ ಹೇಳುವ ಹೆಸರು ವಿಲ್ಹ್ಯಾಲ್ಮರ್ ಸ್ಟೆಫಾನ್ಸನ್. ಉತ್ತರ ಧ್ರುವ ಪ್ರದೇಶದ ಇನುಯಿಟ್ ಜನರ ನಡುವೆ ವರ್ಷಗಟ್ಟಲೆ ಇದ್ದು ಅವರ ಊಟವನ್ನೇ ಉಂಡಿದ್ದ ಈ ಅನ್ವೇಷಕ, ತನ್ನ ಮಾತನ್ನು ನಂಬದ ವೈದ್ಯರ ಮುಂದೆ ಅದನ್ನು ಸಾಬೀತುಪಡಿಸಲು 1928ರಲ್ಲಿ ಸಂಗಾತಿ ಕಾರ್ಸ್ಟನ್ ಆಂಡರ್ಸನ್ ಜೊತೆ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆ ಸೇರಿದ. ಮೊದಲು ಆಸ್ಪತ್ರೆಯೊಳಗೆ, ಆಮೇಲೆ ಹೊರಗಿದ್ದುಕೊಂಡು ಇಬ್ಬರೂ ಒಂದು ವರ್ಷ ಮಾಂಸವನ್ನಷ್ಟೇ ತಿಂದರು. ಮಾಂಸ ವ್ಯಾಪಾರಿಗಳ ಸಂಸ್ಥೆಯೊಂದರ ಧನಸಹಾಯ ಈ ಪ್ರಯೋಗಕ್ಕಿತ್ತು ಎಂಬುದನ್ನೂ ತಿಳಿದಿರಬೇಕು. 1930ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಅವರಿಗೆ ಸ್ಕರ್ವಿ (ವಿಟಮಿನ್ ಸಿ ಕೊರತೆಯ ಕಾಯಿಲೆ) ಬರಲಿಲ್ಲ, ಮೂತ್ರಪಿಂಡ ಕೆಡಲಿಲ್ಲ. ಇಷ್ಟು ನಿಜ, ಮತ್ತು ಇಷ್ಟನ್ನೇ ಎಲ್ಲರೂ ಹೇಳುತ್ತಾರೆ.

ಹೇಳದೆ ಬಿಡುವ ಸಂಗತಿಗಳು ನಮಗೆ ಹೆಚ್ಚು ಉಪಯುಕ್ತ. ಪ್ರಯೋಗದ ಆರಂಭದಲ್ಲಿ ಸ್ಟೆಫಾನ್ಸನ್‌ಗೆ ಕೊಬ್ಬು ತೆಗೆದ ಮಾಂಸವನ್ನು ಮಾತ್ರ ಕೊಟ್ಟಾಗ ಕೆಲವೇ ದಿನಗಳಲ್ಲಿ ವಾಕರಿಕೆ, ಭೇದಿ ಶುರುವಾಯಿತು. ಕೊಬ್ಬು ಕೊಟ್ಟ ಮೇಲಷ್ಟೇ ಸುಧಾರಿಸಿತು. ಪ್ರೋಟೀನನ್ನು ಒಂದು ಮಿತಿಗಿಂತ ಹೆಚ್ಚಾಗಿ ಇಂಧನವಾಗಿ ಬಳಸಲು ನಮ್ಮ ಯಕೃತ್ತಿಗೆ ಸಾಧ್ಯವಿಲ್ಲದ್ದರಿಂದ ಹೀಗಾಗುತ್ತದೆ. ಉತ್ತರ ಅಮೆರಿಕದ ಬೇಟೆಗಾರರಿಗೆ ಇದು ಗೊತ್ತಿದ್ದ ಸಂಗತಿಯೇ: ಕೊಬ್ಬಿಲ್ಲದ ಮೊಲದ ಮಾಂಸವನ್ನೇ ತಿಂದರೆ ಹೊಟ್ಟೆ ತುಂಬಿದರೂ ಮನುಷ್ಯ ಸೊರಗುತ್ತಾನೆ. ಜಿಮ್ಮಿಗೆ ಹೋಗುವ ನಮ್ಮ ಹುಡುಗರು ಚರ್ಮ ತೆಗೆದ ಬ್ರಾಯ್ಲರ್ ಕೋಳಿಯ ಎದೆಭಾಗವನ್ನೇ ಮೂರು ಹೊತ್ತು ತಿನ್ನುತ್ತೇವೆಂದು ಹೊರಟಾಗ ಅವರು ಕಾಲಿಡುವುದು ಇದೇ ಅಪಾಯಕ್ಕೆ. ಬೆಲ್‌ವ್ಯೂನಲ್ಲಿ ಆ ಇಬ್ಬರು ಉಂಡ ಊಟದಲ್ಲಿ ಕ್ಯಾಲೊರಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಕೊಬ್ಬಿನಿಂದ ಬರುತ್ತಿತ್ತು. ಅದರಲ್ಲಿ ಯಕೃತ್ತು, ಮೂತ್ರಪಿಂಡ, ಮಿದುಳು, ಮೂಳೆಯ ಮಜ್ಜೆ ಎಲ್ಲವೂ ಇದ್ದವು. ಇಷ್ಟಾದರೂ ಅವರ ದೇಹದಿಂದ ಹೊರಹೋಗುತ್ತಿದ್ದ ಕ್ಯಾಲ್ಸಿಯಂ ಒಳಬರುತ್ತಿದ್ದದ್ದಕ್ಕಿಂತ ಹೆಚ್ಚಿತ್ತೆಂದು ಅದೇ ಪ್ರಯೋಗ ತೋರಿಸಿತು. ಒಂದು ವರ್ಷದಲ್ಲಿ ಇದರಿಂದ ಮೂಳೆ ಮುರಿಯುವುದಿಲ್ಲ, ಆದರೆ ಇಬ್ಬರು ಗಂಡಸರ ಒಂದು ವರ್ಷದ ಅನುಭವವನ್ನು ನಲವತ್ತು ದಾಟಿದ ಹೆಣ್ಣುಮಕ್ಕಳಿಗೆ ಜೀವನಪೂರ್ತಿಯ ಸಲಹೆಯಾಗಿ ಹೇಗೆ ಕೊಡುವುದು?

ಇನ್ನು ಇನುಯಿಟ್ ಜನರ ವಿಚಾರ. ಅವರು ಸಸ್ಯಗಳನ್ನು ದೂರವಿಟ್ಟವರಲ್ಲ, ಸಸ್ಯಗಳು ದುರ್ಲಭವಾಗಿದ್ದ ನೆಲದಲ್ಲಿ ಬದುಕಿದವರು. ಬೇಸಿಗೆಯಲ್ಲಿ ಸಿಗುವ ಕಾಡುಬೆರಿಗಳನ್ನು ಆಯ್ದು ಸೀಲ್ ಎಣ್ಣೆಯಲ್ಲಿ ಕೂಡಿಡುತ್ತಿದ್ದರು, ಕಡಲಪಾಚಿ ತಿನ್ನುತ್ತಿದ್ದರು, ಗೆಡ್ಡೆ ಅಗೆಯುತ್ತಿದ್ದರು, ಬೇಟೆಯಾಡಿದ ಕ್ಯಾರಿಬೂ ಜಿಂಕೆಯ ಜಠರದಲ್ಲಿ ಅರೆಜೀರ್ಣವಾಗಿದ್ದ ಹಸಿರನ್ನೂ ಬಿಡುತ್ತಿರಲಿಲ್ಲ. ವಿಟಮಿನ್ ಸಿ ಅವರಿಗೆ ತಿಮಿಂಗಿಲದ ಹಸಿ ಚರ್ಮದಿಂದಲೂ ಹಸಿ ಯಕೃತ್ತಿನಿಂದಲೂ ದೊರೆಯುತ್ತಿತ್ತು. ಕುಕ್ಕರಿನಲ್ಲಿ ನಾಲ್ಕು ವಿಷಲ್ ಹಾಕಿಸಿದ ಮಟನ್ನಿನಿಂದ ಅದನ್ನು ನಿರೀಕ್ಷಿಸುವಂತಿಲ್ಲ. ಕೊಬ್ಬನ್ನು ಬಳಸುವ ರೀತಿಯನ್ನೇ ಬದಲಿಸಿದ ಜೀನ್‌ಗಳು ತಲೆಮಾರುಗಳಿಂದ ಅವರಲ್ಲಿ ನೆಲೆಗೊಂಡಿರುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಗ್ರೀನ್‌ಲ್ಯಾಂಡಿನ 16ನೇ ಶತಮಾನದ ಇನುಯಿಟ್ ಮಮ್ಮಿಗಳನ್ನು ಸಿ.ಟಿ. ಸ್ಕ್ಯಾನ್ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪರೀಕ್ಷಿಸಿದ ನಾಲ್ವರು ವಯಸ್ಕರ ಪೈಕಿ ಮೂವರ ರಕ್ತನಾಳಗಳು ಗಡುಸಾಗಿದ್ದ ಗುರುತು ಕಂಡಿದೆ. ಆ ಊಟವೇ ಕಾರಣವೆಂದು ಇಷ್ಟರಿಂದ ತೀರ್ಮಾನಿಸಲಾಗದು. ಒಲೆಯ ಹೊಗೆಯೂ ಕಾರಣವಿರಬಹುದು. ಆದರೆ ಹೃದಯರೋಗವೇ ಇಲ್ಲದ ಮಾಂಸಾಹಾರಿ ಸ್ವರ್ಗವೊಂದಿತ್ತು ಎಂಬ ಕಥೆಯನ್ನು ನಂಬಲು ಇದರ ನಂತರ ಕಷ್ಟ.

ಹಾಗಾದರೆ ಬರೀ ಮಾಂಸ ತಿಂದವರು ಚೆನ್ನಾಗಿದ್ದೇವೆ ಎನ್ನುವುದು ಸುಳ್ಳೇ? ಖಂಡಿತ ಅಲ್ಲ. 2021ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಆರು ತಿಂಗಳಿಗೂ ಹೆಚ್ಚು ಕಾಲ ಈ ಪದ್ಧತಿಯಲ್ಲಿದ್ದ 2,029 ಜನರಲ್ಲಿ ಬಹುಪಾಲು ಮಂದಿ ತೂಕ ಇಳಿದು ಆರೋಗ್ಯ ಸುಧಾರಿಸಿತೆಂದು ಹೇಳಿದರು. ಉತ್ತರಿಸಿದವರು ಪದ್ಧತಿಯನ್ನು ಮೆಚ್ಚಿ ಮುಂದುವರಿಸಿದವರು. ಹೊಂದದೆ ಬಿಟ್ಟವರು ಆ ಲೆಕ್ಕದಲ್ಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಈ ಜನ ಬಿಟ್ಟದ್ದು ಏನನ್ನು ಎಂಬುದು. ಬರೀ ಮಾಂಸ ತಿನ್ನುವವರು ದಿನಕ್ಕೆ ನಾಲ್ಕು ಸಲ ಸಕ್ಕರೆ ಹಾಕಿದ ಕಾಫಿ ಕುಡಿಯುವುದಿಲ್ಲ. ಬಿಸ್ಕತ್ತು, ಪಫ್ಸ್, ಗೋಬಿ ಮಂಚೂರಿ, ತಂಪು ಪಾನೀಯ ಮುಟ್ಟುವುದಿಲ್ಲ. ತಟ್ಟೆ ತುಂಬ ಬಿಳಿ ಅನ್ನ ಉಣ್ಣುವುದಿಲ್ಲ. ಇಷ್ಟನ್ನು ಬಿಟ್ಟರೆ ರಕ್ತದ ಸಕ್ಕರೆ ಇಳಿಯಲೇಬೇಕು, ತೂಕವೂ ಇಳಿಯುತ್ತದೆ. ಆದರೆ ಅದರ ಕೀರ್ತಿಯನ್ನು ಮೆಂತ್ಯ ಸೊಪ್ಪನ್ನೂ ಹೆಸರುಕಾಳನ್ನೂ ಬಿಟ್ಟದ್ದಕ್ಕೆ ಕೊಡುವುದು ನ್ಯಾಯವಲ್ಲ. ಮೈದಾ, ಸಕ್ಕರೆ ಬಿಟ್ಟು, ಅನ್ನ ಅರ್ಧ ಮಾಡಿ, ಸೊಪ್ಪು ಕಾಳು ಮೊಟ್ಟೆ ಮೀನು ಉಳಿಸಿಕೊಂಡವರಲ್ಲೂ ಇದೇ ಸುಧಾರಣೆಯನ್ನು ನನ್ನ ಕೆಲಸದಲ್ಲಿ ನಿತ್ಯ ಕಾಣುತ್ತೇನೆ.

ಅದೇ ಸಮೀಕ್ಷೆಯಲ್ಲಿ ರಕ್ತಪರೀಕ್ಷೆಯ ಫಲಿತಾಂಶ ಕೊಟ್ಟವರ ಎಲ್‌ಡಿಎಲ್ ಕೊಲೆಸ್ಟ್ರಾಲಿನ (ರಕ್ತನಾಳಗಳಲ್ಲಿ ಕಟ್ಟಿಕೊಳ್ಳುವ 'ಕೆಟ್ಟ' ಕೊಲೆಸ್ಟ್ರಾಲ್) ಮಧ್ಯಮಾಂಕ, ಅಂದರೆ ಅರ್ಧ ಜನ ಮೇಲೆ ಅರ್ಧ ಜನ ಕೆಳಗೆ ಇರುವ ಅಂಕಿ, ಡೆಸಿಲೀಟರಿಗೆ 172 ಮಿಲಿಗ್ರಾಂ. ಆರೋಗ್ಯವಂತರಿಗೆ 100ರ ಒಳಗಿರಲಿ ಎಂದು ವೈದ್ಯರು ಹೇಳುವಾಗ ಇದು ಸಣ್ಣ ಏರಿಕೆಯಲ್ಲ. ನಮ್ಮ ಜನರ ವಿಷಯದಲ್ಲಿ ನನಗೆ ಆತಂಕವಿರುವುದು ಇಲ್ಲಿಯೇ. ಜಗತ್ತಿನ 52 ದೇಶಗಳ ಹೃದಯಾಘಾತಗಳನ್ನು ಅಧ್ಯಯನ ಮಾಡಿದ ಇಂಟರ್‌ಹಾರ್ಟ್ ಸಂಶೋಧನೆಯ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗುವ ವಯಸ್ಸಿನ ಮಧ್ಯಮಾಂಕ 53, ಬೇರೆಯವರಿಗಿಂತ ಸುಮಾರು ಆರು ವರ್ಷ ಮೊದಲು. ಪ್ರತಿದಿನ ಹಣ್ಣು ತರಕಾರಿ ತಿನ್ನುವುದು ರಕ್ಷಣೆ ಕೊಡುವ ಅಂಶಗಳಲ್ಲಿ ಒಂದೆಂದು ಅದೇ ಸಂಶೋಧನೆ ಗುರುತಿಸಿತು. ಹೊಟ್ಟೆ ಕರಗಿ ಮುಖ ಕಳೆಗಟ್ಟಿದ ಮನುಷ್ಯನ ರಕ್ತನಾಳದಲ್ಲಿ ಏನು ನಡೆಯುತ್ತಿದೆ ಎಂಬುದು ಕನ್ನಡಿಯಲ್ಲಿ ಕಾಣುವುದಿಲ್ಲ.

ಕರುಳಿನ ಲೆಕ್ಕವೂ ಹೀಗೆಯೇ ನಿಧಾನದ್ದು. ಮಾಂಸದಲ್ಲಿ ನಾರಿನಂಶ ಸೊನ್ನೆ. ನಾರನ್ನು ನಾವು ಜೀರ್ಣಿಸಿಕೊಳ್ಳಲಾರೆವು, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲವನ್ನು ತಯಾರಿಸುತ್ತವೆ, ಕರುಳಿನ ಒಳಪದರದ ಜೀವಕೋಶಗಳ ಮುಖ್ಯ ಆಹಾರ ಅದೇ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 20 ಮಂದಿ ಆಫ್ರಿಕನ್-ಅಮೆರಿಕನ್ನರಿಗೂ ದಕ್ಷಿಣ ಆಫ್ರಿಕಾದ 20 ಮಂದಿ ಹಳ್ಳಿಗರಿಗೂ ಎರಡು ವಾರ ಊಟವನ್ನು ಅದಲುಬದಲು ಮಾಡಲಾಯಿತು. ನಾರು ಹೆಚ್ಚಿದವರಲ್ಲಿ ಬ್ಯುಟಿರೇಟ್ ಹೆಚ್ಚಿ ಕರುಳಿನ ಉರಿಯೂತ ಇಳಿಯಿತು. ಮಾಂಸ, ಕೊಬ್ಬು ಹೆಚ್ಚಿ ನಾರು ಕಡಿಮೆಯಾದವರಲ್ಲಿ ಇದರ ವಿರುದ್ಧ ದಿಕ್ಕಿನ ಬದಲಾವಣೆ ಕಂಡಿತು. ಸಾಸೇಜ್, ಬೇಕನ್, ಸಲಾಮಿಯಂತಹ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅದೇ ವರ್ಷ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಾಧ್ಯತೆ ಶೇ. 18ರಷ್ಟು ಹೆಚ್ಚುತ್ತದೆಂಬುದು ಅದರ ಅಂದಾಜು.

ಸಸ್ಯಗಳಲ್ಲಿ ವಿಷವಿದೆ, ಹೊಟ್ಟೆ ಕೆಡಿಸುವ ಲೆಕ್ಟಿನ್, ಖನಿಜಗಳು ದೇಹಕ್ಕೆ ಸೇರದಂತೆ ತಡೆಯುವ ಫೈಟೇಟ್, ಮೂತ್ರಪಿಂಡದಲ್ಲಿ ಕಲ್ಲಾಗಬಲ್ಲ ಆಕ್ಸಲೇಟ್ ಇದೆ ಎಂಬ ವಾದವನ್ನೂ ಕೇಳುತ್ತೇನೆ. ಇವೆ. ಆದರೆ ಅದಕ್ಕೆ ಪರಿಹಾರವನ್ನು ನಮ್ಮ ಅಡುಗೆಮನೆ ಎಂದೋ ಕಂಡುಕೊಂಡಿದೆ: ಕಾಳನ್ನು ನೆನೆಸಿ ಚೆನ್ನಾಗಿ ಬೇಯಿಸಿದರೆ ಲೆಕ್ಟಿನ್ ನಾಶವಾಗುತ್ತದೆ, ಹುರುಳಿ, ರಾಗಿಯನ್ನು ಮೊಳಕೆ ಕಟ್ಟಿದಾಗ, ಇಡ್ಲಿ ಹಿಟ್ಟನ್ನು ಹುದುಗಿಸಿದಾಗ ಫೈಟೇಟ್ ಇಳಿಯುತ್ತದೆ. ಆಕ್ಸಲೇಟಿನ ಕಲ್ಲು ಆಗಿರುವವರು ಪಾಲಕ್‌ನಂತಹ ಸೊಪ್ಪನ್ನು ಮಿತಗೊಳಿಸಬೇಕು ನಿಜ, ಆದರೆ ಅತಿಯಾದ ಮಾಂಸವೂ ಮೂತ್ರದಲ್ಲಿ ಕ್ಯಾಲ್ಸಿಯಂ, ಯೂರಿಕ್ ಆಮ್ಲಗಳನ್ನು ಹೆಚ್ಚಿಸಿ ಕಲ್ಲಿಗೆ ದಾರಿ ಮಾಡುತ್ತದೆ.

ಮಾಂಸದ ನಿಜವಾದ ಬೆಲೆಯನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಬಿ12 ವಿಟಮಿನ್ ಸಸ್ಯಗಳಿಂದ ಸಿಗುವುದಿಲ್ಲ. ಮಾಂಸದ ಕಬ್ಬಿಣ ಸೊಪ್ಪಿನ ಕಬ್ಬಿಣಕ್ಕಿಂತ ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿರುವ ದೇಶದಲ್ಲಿ ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡುವುದನ್ನು ವಿರೋಧಿಸುವವರ ಜೊತೆ ನಾನು ಎಂದೂ ನಿಲ್ಲಲಾರೆ. ಆದರೆ ನಮ್ಮ ಬಾಡೂಟವನ್ನೇ ಗಮನಿಸಿ: ಮಟನ್ ಸಾರಿನ ಪಕ್ಕದಲ್ಲಿ ರಾಗಿ ಮುದ್ದೆ, ಸಾರಿನೊಳಗೆ ಕೊತ್ತಂಬರಿ, ಈರುಳ್ಳಿ, ಬೆಳ್ಳುಳ್ಳಿ, ಕಾಲಕ್ಕೆ ತಕ್ಕಂತೆ ಅವರೆಕಾಳು, ಕೊಡಗಿನಲ್ಲಿ ಪಂದಿ ಕರಿಗೆ ಕಾಚಂಪುಳಿ, ಜೊತೆಗೆ ಕಡಂಬುಟ್ಟು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಮೂಳೆಯಿಲ್ಲದ ಮಾಂಸದಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ನಿಂಬೆಹಣ್ಣು ಹಿಂಡಿದರೆ ಅದರ ವಿಟಮಿನ್ ಸಿ ಕಾಳು, ಸೊಪ್ಪಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ, ಮಾಂಸದ ತುಣುಕುಗಳೂ ಅದೇ ಕೆಲಸ ಮಾಡುತ್ತವೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವ ಈ ಊಟವನ್ನು ಒಡೆದು ಅರ್ಧ ಎಸೆಯಲು ನನಗೆ ಕಾರಣ ಕಾಣುವುದಿಲ್ಲ.

ಇಷ್ಟು ಹೇಳಿದ ಮೇಲೂ ಒಮ್ಮೆ ಮಾಡಿ ನೋಡುತ್ತೇನೆ ಎನ್ನುವವರಿಗೆ ಒಂದು ವಿನಂತಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸದೆ ಅನ್ನ ಮುದ್ದೆ ಬಿಡಬೇಡಿ, ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿಗೆ ಈ ಊಟ ಇನ್ನೂ ಅಪಾಯಕಾರಿ: ಸಕ್ಕರೆ ಹೆಚ್ಚು ಏರದೆಯೇ ರಕ್ತ ಆಮ್ಲೀಯವಾಗಿ ಪ್ರಾಣಕ್ಕೆ ಕುತ್ತು ಬರಬಹುದು, ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಮನೆಯ ಗ್ಲೂಕೋಮೀಟರಿನ ಅಂಕಿಯನ್ನು ನಂಬಿ ಕೂರದೆ ಆಸ್ಪತ್ರೆಗೆ ಹೋಗಬೇಕು. ಮೂತ್ರಪಿಂಡದ ತೊಂದರೆ, ಗೌಟ್ (ಯೂರಿಕ್ ಆಮ್ಲ ಹೆಚ್ಚಿ ಬರುವ ಕೀಲುನೋವು) ಇರುವವರು, ಗರ್ಭಿಣಿಯರು ಇದಕ್ಕೆ ಕೈಹಾಕಲೇಬಾರದು. ಉಳಿದವರು ಆರಂಭಿಸುವ ಮೊದಲೊಮ್ಮೆ, ಮೂರು ತಿಂಗಳಿಗೊಮ್ಮೆ ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಪರೀಕ್ಷೆ), ಯೂರಿಕ್ ಆಮ್ಲ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಲಿ. ಎಲ್‌ಡಿಎಲ್ ಏರಿರುವುದು ಕಂಡರೆ, ಮೈ ಎಷ್ಟೇ ಹಗುರವೆನಿಸಿದರೂ, ಆ ದಿನವೇ ಸೊಪ್ಪು ಕಾಳುಗಳನ್ನು ತಟ್ಟೆಗೆ ಮರಳಿ ತರಲಿ.