ನ್ಯೂಜಿಲೆಂಡಿನ ನೌಕಾಪಡೆ ಪೆಸಿಫಿಕ್ ಯುದ್ಧದಲ್ಲಿ ಮಾಡಿದ್ದಾದರೂ ಏನು?

ನೌಕಾ ಇತಿಹಾಸದ ಬಗ್ಗೆ ನಾನು ಬರೆಯುವುದನ್ನು ಓದುವವರಲ್ಲಿ ಹಲವರು ಕೇಳುವ ಪ್ರಶ್ನೆ ಇದು: ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ಕಾಳಗವೆಲ್ಲ ಅಮೆರಿಕ ಮತ್ತು ಜಪಾನ್ ನಡುವಿನದ್ದಲ್ಲವೇ, ನ್ಯೂಜಿಲೆಂಡಿನಂಥ ಪುಟ್ಟ ದೇಶದ ನೌಕಾಪಡೆ ಅಲ್ಲಿ ಇದ್ದರೆಷ್ಟು, ಇಲ್ಲದಿದ್ದರೆಷ್ಟು? ಅದು ಇಲ್ಲದಿದ್ದರೂ ಯುದ್ಧದ ಫಲಿತಾಂಶ ಬದಲಾಗುತ್ತಿರಲಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ 1943ರಲ್ಲಿ ಸಾಲೊಮನ್ ದ್ವೀಪಗಳ ಸುತ್ತ ನಡೆದದ್ದನ್ನು ನೋಡಿದರೆ, ಆ ಪಡೆಯ ಹೆಸರಾಂತ ಕ್ರೂಸರ್‌ಗಳಿಗಿಂತ ಯಾರೂ ಲೆಕ್ಕಕ್ಕೆ ಹಿಡಿಯದ ಅದರ ಸಣ್ಣ ಹಡಗುಗಳೇ ಹೆಚ್ಚು ಬೆಲೆಬಾಳುವ ಕೆಲಸ ಮಾಡಿದವು ಎಂಬುದು ನನ್ನ ಅಭಿಪ್ರಾಯ.

ಆಗ ನ್ಯೂಜಿಲೆಂಡಿನ ಜನಸಂಖ್ಯೆ ಸುಮಾರು 16 ಲಕ್ಷ. 1941ರ ಅಕ್ಟೋಬರ್‌ವರೆಗೆ ಅದರ ಪಡೆ ಬ್ರಿಟಿಷ್ ನೌಕಾಪಡೆಯ ಒಂದು ವಿಭಾಗವಾಗಿಯೇ ಇತ್ತು; ರಾಯಲ್ ನ್ಯೂಜಿಲೆಂಡ್ ನೇವಿ ಎಂಬ ಸ್ವಂತ ಹೆಸರು ಬಂದು ಎರಡು ತಿಂಗಳು ಕಳೆಯುವಷ್ಟರಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾಯಿತು. ಸಮರಕ್ಕೆಂದೇ ಕಟ್ಟಿದ ದೊಡ್ಡ ಹಡಗುಗಳೆಂದು ಅದರ ಬಳಿ ಇದ್ದವು ಅಕಿಲೀಸ್ ಮತ್ತು ಲಿಯಾಂಡರ್ ಎಂಬ ಎರಡೇ ಕ್ರೂಸರ್‌ಗಳು.

ಇವುಗಳ ಜೊತೆಗೆ, ಆ ನಾಡಿನ ಹಕ್ಕಿಗಳ ಹೆಸರಿಟ್ಟ ಕಿವೀ, ಮೋವಾ, ಟೂಯಿ ಎಂಬ ಮೂರು ಚಿಕ್ಕ ಹಡಗುಗಳಿದ್ದವು. ಸ್ಕಾಟ್ಲೆಂಡಿನ ಲೀತ್‌ನಲ್ಲಿ ಕಟ್ಟಿಸಿದ, ಸುಮಾರು 600 ಟನ್ ತೂಕದ ಈ ಹಡಗುಗಳ ಮೂಲ ಕೆಲಸ ಸಮುದ್ರದಲ್ಲಿ ಶತ್ರು ಬಿಟ್ಟ ಸ್ಫೋಟಕ ಮೈನುಗಳನ್ನು ತೆರವುಗೊಳಿಸುವುದು. 1943ರ ಜನವರಿ 29ರ ರಾತ್ರಿ ಗ್ವಾಡಲ್‌ಕೆನಾಲ್ ದ್ವೀಪದ ವಾಯವ್ಯ ತುದಿಯ ಕಮಿಂಬೊ ಕೊಲ್ಲಿಯಲ್ಲಿ ಕಿವೀ ಮತ್ತು ಮೋವಾ ಗಸ್ತು ತಿರುಗುತ್ತಿದ್ದಾಗ, ದ್ವೀಪದಲ್ಲಿ ಹಸಿದು ಕುಳಿತಿದ್ದ ಜಪಾನಿ ಸೈನಿಕರಿಗೆ ಸಾಮಗ್ರಿ ಹೊತ್ತು ಬಂದ ಐ-1 ಎಂಬ ಜಲಾಂತರ್ಗಾಮಿ ನೀರಿನಡಿಯಲ್ಲಿ ಪತ್ತೆಯಾಯಿತು. ನೀರಿನಡಿಯಲ್ಲಿ ಸಿಡಿಯುವ ಬಾಂಬುಗಳಾದ ಡೆಪ್ತ್ ಚಾರ್ಜ್‌ಗಳ ಹೊಡೆತಕ್ಕೆ ಅದು ಮೇಲೆ ಬರಬೇಕಾಯಿತು. ಮೇಲೆ ಬಂದಾಗ ಕಂಡದ್ದೇನೆಂದರೆ, ಅದು ಕಿವೀಗಿಂತ ಹೆಚ್ಚುಕಡಿಮೆ ಎರಡರಷ್ಟು ಉದ್ದವಿತ್ತು, ಅದರ ಫಿರಂಗಿ 5.5 ಇಂಚಿನದ್ದಾದರೆ ಕಿವೀಯದ್ದು 4 ಇಂಚಿನದ್ದು, ವೇಗದಲ್ಲಿಯೂ ಅದರದ್ದೇ ಮೇಲುಗೈ. ಕಿವೀಯ ನಾಯಕ ಗಾರ್ಡನ್ ಬ್ರಿಡ್ಸನ್ ಮುಂದಿದ್ದ ದಾರಿ ಒಂದೇ: ಅದಕ್ಕೆ ಮತ್ತೆ ಮುಳುಗಲೂ ಓಡಿಹೋಗಲೂ ಬಿಡದಂತೆ ಹಡಗಿನ ಮೂತಿಯಿಂದಲೇ ಗುದ್ದುವುದು. ಮೂರು ಬಾರಿ ಗುದ್ದಿಸಿದರು. ಗುದ್ದಿದಾಗ ಕತ್ತಿ ಹಿಡಿದ ಜಪಾನಿ ಅಧಿಕಾರಿಯೊಬ್ಬ ಕಿವೀ ಮೇಲೆ ಹತ್ತಲು ನೋಡಿದ. ಶೋಧದೀಪ ಹಿಡಿದಿದ್ದ ಸಂಕೇತಗಾರ ಕ್ಯಾಂಬೆಲ್ ಬುಕಾನನ್ ಗುಂಡೇಟು ತಗಲಿದ ಮೇಲೂ ದೀಪವನ್ನು ಗುರಿಯ ಮೇಲಿಂದ ಕದಲಿಸಲಿಲ್ಲ. ಆ ಗಾಯದಿಂದಲೇ ತೀರಿಕೊಂಡ ಅವರಿಗೆ ಅಮೆರಿಕ ಮರಣೋತ್ತರವಾಗಿ ನೇವಿ ಕ್ರಾಸ್ ಶೌರ್ಯಪದಕ ನೀಡಿತು. ಕಿವೀಯ ಫಿರಂಗಿ ಕಾದು ಕೆಲಸ ನಿಲ್ಲಿಸಿದ ಮೇಲೆ ಪೀಟರ್ ಫಿಪ್ಸ್ ನಾಯಕತ್ವದ ಮೋವಾ ಬೆನ್ನಟ್ಟಿತು, ಐ-1 ಬಂಡೆಸಾಲಿನ ಮೇಲೇರಿ ಸಿಕ್ಕಿಕೊಂಡಿತು.

ನನ್ನ ಮಟ್ಟಿಗೆ ಮುಖ್ಯವಾದದ್ದು ಆಮೇಲಿನದ್ದು. ಆಳವಿಲ್ಲದ ನೀರಿನಲ್ಲಿ ಬಿದ್ದ ಆ ಹಡಗಿನಲ್ಲಿ ಜಪಾನಿ ನೌಕಾಪಡೆಯ ಗುಪ್ತಸಂಕೇತ ಪುಸ್ತಕಗಳಿದ್ದವು. ಒಂದಷ್ಟನ್ನು ಬದುಕುಳಿದ ಜಪಾನಿ ನಾವಿಕರು ದಡಕ್ಕೊಯ್ದು ಹೂತರು, ಉಳಿದವು ಒಳಗೇ ಇದ್ದವು. ಅವಶೇಷವನ್ನು ನಾಶಮಾಡಲು ಜಪಾನ್ ವಿಮಾನಗಳನ್ನು ಕಳುಹಿಸಿದರೂ ಅಮೆರಿಕನ್ನರಿಗೆ ಸಾಕಷ್ಟು ದಾಖಲೆಗಳು ಸಿಕ್ಕವು. ಮೈನು ತೆರವು ಮಾಡಲು ಕಟ್ಟಿದ ಎರಡು ಹಡಗುಗಳು ಒಂದು ರಾತ್ರಿ ತಂದುಕೊಟ್ಟ ಈ ಲಾಭಕ್ಕೆ ಹೋಲುವಂಥದ್ದನ್ನು ಅದೇ ಪಡೆಯ ಕ್ರೂಸರ್‌ಗಳು ಪೆಸಿಫಿಕ್‌ನಲ್ಲಿ ತರಲಾಗಲಿಲ್ಲ. ಮೋವಾದ ಆಯುಷ್ಯ ಮಾತ್ರ ಬಹಳ ಉಳಿಯಲಿಲ್ಲ. ಏಪ್ರಿಲ್ 7ರಂದು ತುಲಗಿ ಬಂದರಿನಲ್ಲಿ ಜಪಾನಿ ವಿಮಾನದಾಳಿಗೆ ಸಿಕ್ಕಿ ಮುಳುಗಿತು. ಟೂಯಿ ಆಗಸ್ಟ್‌ನಲ್ಲಿ ಅಮೆರಿಕನ್ ವಿಮಾನಗಳ ಜೊತೆಗೂಡಿ ಐ-17 ಎಂಬ ಮತ್ತೊಂದು ಜಲಾಂತರ್ಗಾಮಿಯನ್ನು ಮುಳುಗಿಸಿತು.

ಕ್ರೂಸರ್‌ಗಳ ಕಥೆ ಬೇರೆ. ಜನವರಿ 5ರಂದು ಅಕಿಲೀಸ್‌ನ ಹಿಂಭಾಗದ ಫಿರಂಗಿ ಗೋಪುರವೊಂದರ ಮೇಲೆ ಬಾಂಬ್ ಬಿದ್ದು 13 ಮಂದಿ ಸತ್ತರು. ರಿಪೇರಿಗೆಂದು ಇಂಗ್ಲೆಂಡಿಗೆ ಹೋದ ಹಡಗು ಮರಳಿ ಕೆಲಸಕ್ಕೆ ಬಂದದ್ದು 1944ರಲ್ಲಿ, ಆ ಗೋಪುರವಿಲ್ಲದೆ. ಇದೇ ಅಕಿಲೀಸ್ 1948ರಲ್ಲಿ ಭಾರತಕ್ಕೆ ಬಂದು ಮುಂದೆ ಐಎನ್‌ಎಸ್ ಡೆಲ್ಲಿ ಆಯಿತು. ಅದರ ಸೋದರ ಹಡಗುಗಳಿಗೆ ಎಂಟು ಫಿರಂಗಿಗಳಿದ್ದರೆ ನಮ್ಮ ಡೆಲ್ಲಿಗೆ ಆರೇ ಇದ್ದದ್ದೇಕೆ ಎಂದು ಹಳೆಯ ಚಿತ್ರಗಳನ್ನು ನೋಡಿ ಕೇಳುವವರಿಗೂ ಇದೇ ಉತ್ತರ.

ಲಿಯಾಂಡರ್, ಜುಲೈ ಮೊದಲ ವಾರದಲ್ಲಿ ಮುಳುಗಿದ್ದ ಅಮೆರಿಕದ ಹೆಲೆನಾ ಕ್ರೂಸರ್‌ನ ಜಾಗ ತುಂಬಲು ಹೋದದ್ದು. ಜುಲೈ 13ರ ನಡುರಾತ್ರಿಯ ಕೊಲೊಂಬಂಗಾರ ಕಾಳಗದಲ್ಲಿ ಜಪಾನಿನ ಜಿಂತ್ಸು ಕ್ರೂಸರ್ ಮುಳುಗಿತು, ಆದರೆ ಲಿಯಾಂಡರ್‌ಗೂ ಟಾರ್ಪಿಡೊ ಬಡಿದು ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಹಡಗು ಹೇಗೋ ತೇಲಿಕೊಂಡು ಹಿಂದಿರುಗಿತು, ಆದರೆ ಮತ್ತೆ ಯುದ್ಧಕ್ಕೆ ಬರಲಿಲ್ಲ. ಧೈರ್ಯಕ್ಕೆ ಕೊರತೆಯಿರಲಿಲ್ಲ, ಆದರೆ ಅದರ ಜಾಗಕ್ಕೆ ಇಳಿಸಲು ಇನ್ನೊಂದು ಹಡಗು ಇರಲಿಲ್ಲ. ಹೆಲೆನಾ ಹೋದರೆ ಅಮೆರಿಕ ಒಂದೇ ವಾರದಲ್ಲಿ ಮತ್ತೊಂದನ್ನು ಹುಡುಕಿ ನಿಲ್ಲಿಸಬಲ್ಲದಾಗಿತ್ತು. ನ್ಯೂಜಿಲೆಂಡಿಗೆ ಒಂದು ಬಾಂಬು, ಒಂದು ಟಾರ್ಪಿಡೊ, ಅಲ್ಲಿಗೆ ಎರಡು ಕ್ರೂಸರ್‌ಗಳೂ ಕಣದಿಂದ ಹೊರಗೆ. ಬ್ರಿಟನ್ನಿನಿಂದ ಗ್ಯಾಂಬಿಯಾ ಎಂಬ ಕ್ರೂಸರ್ ಪಡೆದೇ ಅದು ಮುಂದುವರಿಯಬೇಕಾಯಿತು.

1945ರ ಸೆಪ್ಟೆಂಬರ್ 2ರಂದು ಟೋಕಿಯೊ ಕೊಲ್ಲಿಯಲ್ಲಿ ಜಪಾನ್ ಶರಣಾದಾಗ ಗ್ಯಾಂಬಿಯಾ ಅಲ್ಲಿತ್ತು. ನ್ಯೂಜಿಲೆಂಡಿನ ಪರವಾಗಿ ಸಹಿ ಹಾಕಿದವರು ಮಾತ್ರ ನೌಕಾಪಡೆಯವರಲ್ಲ, ವಾಯುಪಡೆಯ ಲಿಯೊನಾರ್ಡ್ ಇಸಿಟ್.