ನಾಣ್ಯ ಹರಾಜು: ಪೋಸ್ಟ್ ಹಾಕುವ ಮುನ್ನ ತೂಗಿ, ಅಳೆದು, ಬರೆಯಿರಿ

ಹಳೆ ನಾಣ್ಯ ಸಂಗ್ರಹಿಸುವವರ ವಾಟ್ಸಾಪ್ ಗುಂಪುಗಳಲ್ಲಿ ಹೆಚ್ಚುಕಡಿಮೆ ದಿನಾ ರಾತ್ರಿ ಹರಾಜು ನಡೆಯುತ್ತದೆ. ಒಳ್ಳೆಯ ನಾಣ್ಯವೊಂದು ಬೇಸ್ ಬೆಲೆಗೇ, ಅಂದರೆ ಹರಾಜು ಶುರುವಾದ ಬೆಲೆಗೇ, ಹೋಗಿಬಿಡುತ್ತದೆ, ಅದರ ಬೆನ್ನಿಗೇ ಬಂದ ಸಾಧಾರಣ ನಾಣ್ಯಕ್ಕೆ ನಾಲ್ಕೈದು ಜನ ಪೈಪೋಟಿಗೆ ಬೀಳುತ್ತಾರೆ. ಬಹಳಷ್ಟು ಸಲ ಇದಕ್ಕೆ ಕಾರಣ ಪೋಸ್ಟಿನಲ್ಲೇ ಸಿಗುತ್ತದೆ. ಕೊಳ್ಳುವವರು ನಾಣ್ಯವನ್ನು ಕೈಯಲ್ಲಿ ಹಿಡಿದು ತಿರುವಿ ನೋಡಲಾರರು, ತೂಗಲಾರರು. ಆ ಕೆಲಸ ಮಾರುವವರದು. ಅದನ್ನು ಬಿಟ್ಟು ‘ಅಪರೂಪದ ನಾಣ್ಯ, ಬೇಗ ಬನ್ನಿ’ ಎಂದು ಹತ್ತು ಗುಂಪಿಗೆ ಫಾರ್ವರ್ಡ್ ಮಾಡಿದರೆ ಬಿಡ್ ಬರುವುದಿಲ್ಲ, ‘ತೂಕ ಎಷ್ಟು?’ ಎಂಬ ಪ್ರಶ್ನೆಗಳು ಬರುತ್ತವೆ.

1950ರ ಒಂದು ರೂಪಾಯಿಯನ್ನೇ ತೆಗೆದುಕೊಳ್ಳಿ. ಪೋಸ್ಟ್ ಹೀಗಿರಲಿ:

“1 ರೂಪಾಯಿ, 1950, ನಿಕ್ಕಲ್. ತೂಕ 11.61 ಗ್ರಾಂ, ಅಡ್ಡಳತೆ 28 ಮಿ.ಮೀ. ಆಯಸ್ಕಾಂತಕ್ಕೆ ಅಂಟುತ್ತದೆ. ದರ್ಜೆ ವಿಎಫ್. ಎಡಗಡೆ ತೆನೆಯ ತುದಿ ಸವೆದಿದೆ, ಅಂಚಿನಲ್ಲಿ ಒಂದು ಪೆಟ್ಟು (3ನೇ ಫೋಟೋ). ತೊಳೆದಿಲ್ಲ, ಉಜ್ಜಿಲ್ಲ. ಬೇಸ್ 150, ಏರಿಕೆ 20. ಇಂದು ರಾತ್ರಿ 9.30ಕ್ಕೆ ಮುಕ್ತಾಯ. ಕೊನೆಯ 5 ನಿಮಿಷದಲ್ಲಿ ಬಿಡ್ ಬಂದರೆ ಅಲ್ಲಿಂದ ಮತ್ತೆ 5 ನಿಮಿಷ. ಅಂಚೆ ಖರ್ಚು ಪ್ರತ್ಯೇಕ. ಹಣ 24 ಗಂಟೆಯೊಳಗೆ.”

ವಿಎಫ್ ಎಂದರೆ ‘ವೆರಿ ಫೈನ್’, ಸ್ವಲ್ಪ ಸವೆದಿದ್ದರೂ ವಿವರಗಳು ಚೆನ್ನಾಗಿ ಕಾಣುವ ದರ್ಜೆ. ಈ ನಾಣ್ಯದ ನಿಗದಿತ ತೂಕ 11.66 ಗ್ರಾಂ. ಚಲಾವಣೆಯಲ್ಲಿ ಸವೆದದ್ದು ಸ್ವಲ್ಪ ಕಡಿಮೆ ತೂಗುವುದು ಸಹಜ, ಅರ್ಧ ಗ್ರಾಂ ಕಡಿಮೆಯಾದರೆ ಅನುಮಾನ ಪಡಬೇಕು. ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು, 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ನಾಣ್ಯ ತಕ್ಕಡಿಯ ಮೇಲಿರುವಾಗಲೇ ಒಂದು ಫೋಟೋ ತೆಗೆದು ಹಾಕಿದರೆ ಮಾತೇ ಬೇಡ. ಆಯಸ್ಕಾಂತದ ಸಾಲನ್ನು ಅನೇಕರು ಬಿಟ್ಟುಬಿಡುತ್ತಾರೆ. ಶುದ್ಧ ನಿಕ್ಕಲ್ ಅಂಟುತ್ತದೆ, 1975ರಿಂದ ಬಂದ ತಾಮ್ರ-ನಿಕ್ಕಲ್ ರೂಪಾಯಿ ಅಂಟುವುದಿಲ್ಲ, ಬೆಳ್ಳಿಯಂತೂ ಅಂಟುವುದೇ ಇಲ್ಲ. ಬೆಳ್ಳಿ ಎಂದು ಹೇಳುವ ನಾಣ್ಯ ಅಂಟಿತೆಂದರೆ ಅದನ್ನು ಹರಾಜಿಗೇ ತರಬೇಡಿ.

ಫೋಟೋ ವಿಷಯದಲ್ಲಿ ಆಗುವ ದೊಡ್ಡ ನಷ್ಟ ವಾಟ್ಸಾಪಿನದೇ. ಮಾಮೂಲಿಯಾಗಿ ಕಳಿಸಿದ ಚಿತ್ರವನ್ನು ಅದು ಕುಗ್ಗಿಸುತ್ತದೆ, ಆಗ ಇಸವಿಯ ಕೆಳಗಿನ ಟಂಕಸಾಲೆ ಗುರುತು (ನಾಣ್ಯ ಎಲ್ಲಿ ಅಚ್ಚಾಯಿತೆಂದು ಹೇಳುವ ಪುಟ್ಟ ಚಿಹ್ನೆ) ಕಲಸಿಹೋಗುತ್ತದೆ. ಎಚ್‌ಡಿ ಆಯ್ಕೆ ಒತ್ತಿ ಕಳಿಸಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ. ಫ್ಲ್ಯಾಶ್ ಬೇಡ. ಹಗಲಲ್ಲಿ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ, ಮಾಸಲು ಬಣ್ಣದ ಬಟ್ಟೆಯ ಮೇಲಿಟ್ಟು, ಬೆಳಕು ಒಂದೇ ಕಡೆಯಿಂದ ಓರೆಯಾಗಿ ಬೀಳುವಂತೆ ತೆಗೆದರೆ ಸವೆತವೂ ಗೀರೂ ನಿಜವಾಗಿ ಕಾಣುತ್ತವೆ. ಎರಡು ಮುಖ, ಅಂಚು, ತಕ್ಕಡಿ, ಟಂಕಸಾಲೆ ಗುರುತಿನ ಹತ್ತಿರದ ಚಿತ್ರ, ಹೀಗೆ ಐದು ಫೋಟೋ ಸಾಕು.

ಆ ಗುರುತು ಯಾಕೆ ಮುಖ್ಯವೆಂದರೆ ಒಂದೇ ಇಸವಿಯ ನಾಣ್ಯದಲ್ಲಿ ಒಂದು ಟಂಕಸಾಲೆಯದು ಧಾರಾಳವಾಗಿ ಸಿಗುತ್ತದೆ, ಇನ್ನೊಂದರದು ಹುಡುಕಿದರೂ ಸಿಗದು. ಸಾಮಾನ್ಯವಾಗಿ ಮುಂಬೈಗೆ ವಜ್ರದಾಕಾರ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ದುಂಡು ಚುಕ್ಕೆ, ಕೋಲ್ಕತ್ತಕ್ಕೆ ಗುರುತೇ ಇಲ್ಲ. ತಪ್ಪಾಗುವುದು ಈ ಕೊನೆಯದರಲ್ಲೇ. ಸವೆದು ಗುರುತು ಅಳಿಸಿಹೋದ ನಾಣ್ಯವನ್ನು ಕೋಲ್ಕತ್ತದ್ದು ಎಂದು ಬರೆದುಬಿಡುತ್ತಾರೆ. ಲೆನ್ಸಿನಲ್ಲಿ ನೋಡಿ ಖಚಿತವಾಗದಿದ್ದರೆ ‘ಗುರುತು ಸ್ಪಷ್ಟವಿಲ್ಲ’ ಎಂದೇ ಬರೆಯಿರಿ. ಇಷ್ಟು ಪ್ರಾಮಾಣಿಕವಾಗಿ ಬರೆಯುವವರ ಮುಂದಿನ ಹರಾಜಿಗೆ ಜನ ತಾವಾಗಿ ಕಾಯುತ್ತಾರೆ.

ಹುಣಸೆಹಣ್ಣು, ನಿಂಬೆ, ಹಲ್ಲುಪುಡಿ ಹಾಕಿ ನಾಣ್ಯ ಫಳಫಳ ಮಾಡುವುದು ಬೇಡವೇ ಬೇಡ. ತಾಮ್ರದ ಬಿಂದಿಗೆಗೆ ಅದು ಸರಿ. ನಾಣ್ಯದ ಮೇಲಿನ ಹಳೆಯ ಬಣ್ಣವನ್ನೇ ಸಂಗ್ರಾಹಕರು ಬಯಸುವುದು, ಒಮ್ಮೆ ಉಜ್ಜಿದರೆ ಅದು ಮರಳಿ ಬರುವುದಿಲ್ಲ, ಬೆಲೆಯೂ ಬರುವುದಿಲ್ಲ.

ಬೇಸ್ ಬೆಲೆ ಇಡುವಾಗ ಲೋಹದ ಲೆಕ್ಕ ಮೊದಲು ಮಾಡಿ. ಗಾಂಧೀಜಿ ಜನ್ಮಶತಾಬ್ದಿಯ 10 ರೂಪಾಯಿ ನಾಣ್ಯ 15 ಗ್ರಾಂ ತೂಗುತ್ತದೆ, ಅದರಲ್ಲಿ ಬೆಳ್ಳಿ ಶೇ 80, ಅಂದರೆ 12 ಗ್ರಾಂ. ಹರಾಜಿನ ದಿನದ ಬೆಳ್ಳಿ ದರಕ್ಕೆ ಇದನ್ನು ಗುಣಿಸಿದ ಮೊತ್ತಕ್ಕಿಂತ ಕೆಳಗೆ ಬೇಸ್ ಇಟ್ಟರೆ ಸಂಗ್ರಾಹಕರಿಗಿಂತ ಮೊದಲು ಕರಗಿಸುವವರ ಕೈಗೆ ಅದು ಹೋಗಬಹುದು. ಬೆಳ್ಳಿಯಲ್ಲದ ನಾಣ್ಯಕ್ಕೆ ಬೇಸ್ ಕಡಿಮೆ ಇಡುವುದು ಒಳ್ಳೆಯದು, ಆದರೆ ಗುಂಪಿನಲ್ಲಿ ಅದನ್ನು ಬಯಸುವವರು ಕನಿಷ್ಠ ಇಬ್ಬರಾದರೂ ಇರಬೇಕು. ಒಬ್ಬರೇ ಇದ್ದರೆ ಬೇಸ್ ಬೆಲೆಗೇ ಮುಗಿಯುತ್ತದೆ. ಗೆಳೆಯರಿಂದ ಡಮ್ಮಿ ಬಿಡ್ ಹಾಕಿಸುವುದು ಶುದ್ಧ ಮೋಸ. ಒಂದೇ ನಂಬರ್ ಪ್ರತಿ ಸಲ ಬೆಲೆ ಏರಿಸಿ ಹಿಂದೆ ಸರಿಯುವುದನ್ನು ಗುಂಪಿನವರು ಬೇಗ ಗಮನಿಸುತ್ತಾರೆ.

ಒಂದೇ ನಾಣ್ಯವನ್ನು ಎರಡು ಗುಂಪಿನಲ್ಲಿ ಏಕಕಾಲಕ್ಕೆ ಹರಾಜಿಗಿಡಬೇಡಿ. 9.30ಕ್ಕೆ ಇಬ್ಬರು ಗೆದ್ದವರು ಎದುರು ನಿಲ್ಲುತ್ತಾರೆ, ಒಬ್ಬರಿಗೆ ಇಲ್ಲ ಎನ್ನಲೇಬೇಕು. ಹರಾಜು ಒಂದೇ ಕಡೆ ಇರಲಿ, ಉಳಿದ ಕಡೆ ಅಡ್ಮಿನ್ ಒಪ್ಪಿಗೆ ಕೇಳಿ ಸೂಚನೆ ಮಾತ್ರ ಹಾಕಿ. ಹಿಂದಿನ ದಿನ ಒಂದು ಫೋಟೋ ಜೊತೆ ಒಂದು ಸೂಚನೆ, ಮುಕ್ತಾಯಕ್ಕೆ ಒಂದು ಗಂಟೆ ಮುಂಚೆ ಇನ್ನೊಂದು. ಅದಕ್ಕಿಂತ ಹೆಚ್ಚಾದರೆ ಜನ ಗುಂಪನ್ನು ಮ್ಯೂಟ್ ಮಾಡುತ್ತಾರೆ. ಭಾನುವಾರ ಸಂಜೆ ಒಳ್ಳೆಯ ಹೊತ್ತು, ತಿಂಗಳ ಮೊದಲ ವಾರವಾದರೆ ಇನ್ನೂ ಒಳ್ಳೆಯದು. ಹಬ್ಬದ ದಿನ, ದೊಡ್ಡ ಕ್ರಿಕೆಟ್ ಪಂದ್ಯದ ರಾತ್ರಿ ಬೇಡ.

ಬಿಡ್‌ಗಳಲ್ಲಿ ಜಗಳ ಹುಟ್ಟುವುದು ಎರಡು ಕಡೆ. ವಾಟ್ಸಾಪಿನಲ್ಲಿ ಕಳಿಸಿದ ಸಂದೇಶವನ್ನು 15 ನಿಮಿಷದವರೆಗೆ ತಿದ್ದಬಹುದು. 400 ಎಂದು ಬರೆದವರು ಅದನ್ನು 300 ಮಾಡಬಲ್ಲರು. ‘ತಿದ್ದಿದ ಬಿಡ್ ಅಸಿಂಧು’ ಎಂದು ಮೊದಲೇ ಬರೆದಿಡಿ, ಪ್ರತಿ ಬಿಡ್‌ಗೆ ಅದನ್ನೇ ಉಲ್ಲೇಖಿಸಿ ‘400 ಬಂದಿದೆ’ ಎಂದು ಉತ್ತರಿಸಿ. ಎರಡನೆಯದು ಕೊನೆಯ ನಿಮಿಷದ್ದು. ನೆಟ್‌ವರ್ಕ್ ನಿಧಾನವಾದಾಗ ಸಂದೇಶಗಳ ಕ್ರಮ ಒಬ್ಬೊಬ್ಬರ ಫೋನಿನಲ್ಲಿ ಒಂದೊಂದು ಥರ ಕಾಣಬಹುದು, ಆದ್ದರಿಂದ ಅಡ್ಮಿನ್ ಫೋನಿನಲ್ಲಿ ಕಂಡದ್ದೇ ಅಂತಿಮ ಎಂಬ ನಿಯಮ ಇರಬೇಕು. ಸಂದೇಶ ತಾನಾಗಿ ಅಳಿಯುವ ಸೌಲಭ್ಯ ಆಫ್ ಇರಲಿ.

ಕಾನೂನಿನ ಒಂದು ಮಾತನ್ನು ಮರೆಯುವಂತಿಲ್ಲ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದಾಚೆ ಕಳಿಸುವಂತಿಲ್ಲ. ಟಿಪ್ಪುವಿನ ಆನೆ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಾಸು ಎಲ್ಲವೂ ಇದರೊಳಗೆ ಬರುತ್ತವೆ. ಅಮೆರಿಕದಲ್ಲಿರುವ ಕನ್ನಡಿಗರು ಎಷ್ಟೇ ಆಸೆಯಿಂದ ಕೇಳಿದರೂ ಅವನ್ನು ಅಂಚೆಗೆ ಹಾಕಬೇಡಿ.

ಹರಾಜಿನ ಪೋಸ್ಟ್ ಹಾಕಿದ ಮೇಲೆ ಅಪರಿಚಿತ ಕರೆಗಳೂ ಬರುತ್ತವೆ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಹಳೆ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ತೆರಿಗೆ ಕಟ್ಟಿ ಎನ್ನುತ್ತಾರೆ. ಇಂಥ ವ್ಯವಹಾರ ತನ್ನದಲ್ಲ, ಅದಕ್ಕೆ ಶುಲ್ಕವನ್ನೂ ಕೇಳುವುದಿಲ್ಲ ಎಂದು ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿದೆ. ಹಣ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎಂದರೂ ಫೋನ್ ಇಟ್ಟುಬಿಡಿ. ಹಣ ಪಡೆಯಲು ಪಿನ್ ಬೇಕಿಲ್ಲ.

ಹಣ ಖಾತೆಗೆ ಬಂದದ್ದನ್ನು ಬ್ಯಾಂಕ್ ಆ್ಯಪಿನಲ್ಲೇ ನೋಡಿ, ಸ್ಕ್ರೀನ್‌ಶಾಟ್ ನಂಬಬೇಡಿ. ನಾಣ್ಯವನ್ನು ಪಿವಿಸಿ ಚೀಲಕ್ಕೆ ಹಾಕಿದರೆ ಕ್ರಮೇಣ ಹಸಿರು ಜಿಡ್ಡು ಹಿಡಿಯುತ್ತದೆ, ಮೈಲಾರ್ ಎಂಬ ಪಾರದರ್ಶಕ ಹಾಳೆಯ ರಟ್ಟಿನ ಹೋಲ್ಡರ್ ಬಳಸಿ. ಅದನ್ನು ಎರಡು ದಪ್ಪ ರಟ್ಟಿನ ನಡುವೆ ಟೇಪಿನಿಂದ ಬಿಗಿದು, ಕವರ್ ಅಲ್ಲಾಡಿಸಿ ನೋಡಿ, ಸದ್ದು ಬರಬಾರದು. ಹೊರಗೆ ‘ನಾಣ್ಯ’ ಎಂದು ದೊಡ್ಡದಾಗಿ ಬರೆಯಬೇಡಿ, ಬೆಲೆಬಾಳುವುದಾದರೆ ಕೌಂಟರಿನಲ್ಲಿ ಇನ್ಶೂರ್ ಮಾಡಿಸಿ. ಸ್ಪೀಡ್ ಪೋಸ್ಟ್ ನಂಬರನ್ನು ಅಂದೇ ಗೆದ್ದವರಿಗೆ ಕಳಿಸಿ, ಮಾರಿದ ಬೆಲೆಯನ್ನು ಗುಂಪಿನಲ್ಲಿ ಹಾಕಿ.